ಅಲಾರಂ ಹೇಳಲಿ, ಆಟೊಮೇಷನ್ ಕೇಳಲಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆ ಕಟ್ಟಿಸುವಾಗಲೇ ಕಳ್ಳರ ಭಯಕ್ಕೆಂದು ಎಂಟು ಜೋನ್‌ಗಳ (ಒಂದೊಂದು ಬಾಗಿಲು ಅಥವಾ ಕೋಣೆಯ ಸೆನ್ಸರ್‌ಗೆ ಒಂದೊಂದು ಲೈನ್) ವೈರ್ ಅಲಾರಂ ಪ್ಯಾನೆಲ್ ಹಾಕಿಸಿದ್ದೆವು. ಈಗ ದೀಪ, ಪರದೆ, ಗೀಸರ್‌ಗಳಿಗೆ ಕೆಎನ್‌ಎಕ್ಸ್ (ಉಪಕರಣಗಳನ್ನೆಲ್ಲ ಒಂದೇ ತಂತಿಜಾಲದಿಂದ ನಡೆಸುವ ಪದ್ಧತಿ) ಆಟೊಮೇಷನ್ ಮಾಡಿಸುತ್ತಿದ್ದೇವೆ. ಹಳೆಯ ಪ್ಯಾನೆಲ್ ಕಿತ್ತು ಸೆನ್ಸರ್‌ಗಳನ್ನೆಲ್ಲ ತಮ್ಮ ವ್ಯವಸ್ಥೆಗೇ ಸೇರಿಸಿಬಿಡೋಣ ಎಂದು ಆಟೊಮೇಷನ್‌ನವರು ಹೇಳುತ್ತಾರೆ. ತಮ್ಮ ಪೆಟ್ಟಿಗೆಯನ್ನು ಬೇರೆಯವರು ಮುಟ್ಟಿದರೆ ವಾರಂಟಿ ಇಲ್ಲ ಎಂದು ಅಲಾರಂನವರು ಹೇಳುತ್ತಾರೆ. ಯಾರ ಮಾತು ಕೇಳುವುದು?
— ಓದುಗರೊಬ್ಬರು, ಮೈಸೂರು

ಉತ್ತರ: ಪ್ಯಾನೆಲ್ ಕೀಳಿಸಬೇಡಿ. ಅಲಾರಂ ಪ್ಯಾನೆಲ್ ಮಾಡುವುದು ಒಂದೇ ಕೆಲಸ, ಆದರೆ ಅದನ್ನು ಯಾರ ಹಂಗೂ ಇಲ್ಲದೆ ಮಾಡುತ್ತದೆ. ಅದರೊಳಗೆ 12 ವೋಲ್ಟ್‌ನ, ಸಾಮಾನ್ಯವಾಗಿ 7 ಆಂಪಿಯರ್-ಅವರ್‌ನ ಬ್ಯಾಟರಿ ಇರುತ್ತದೆ. ಕರೆಂಟ್ ಹೋದರೂ, ವೈಫೈ ಇಲ್ಲದಿದ್ದರೂ ಬಾಗಿಲು ತೆರೆದದ್ದು ಅದಕ್ಕೆ ತಿಳಿಯುತ್ತದೆ, ಸೈರನ್ ಕೂಗುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದರೂ ಅದು ಕೂಗಬೇಕು. ಆಟೊಮೇಷನ್ ವ್ಯವಸ್ಥೆ ಹೀಗಲ್ಲ. ಅದಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ, ಪ್ರೋಗ್ರಾಂ ಬದಲಾಗುತ್ತದೆ, ಕೆಲವು ಬಗೆಯ ಹಬ್‌ಗಳಂತೂ (ಉಪಕರಣಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಗಳು) ಕಂಪನಿಯ ಸರ್ವರ್ ನಿಂತರೆ ಅರ್ಧ ಸತ್ತಂತೆ. ಅಮೆರಿಕದ ಇನ್‌ಸ್ಟಿಯಾನ್ ಎಂಬ ಆಟೊಮೇಷನ್ ಕಂಪನಿಯ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯಿಲ್ಲದೆ ನಿಂತಾಗ ಅದರ ಗ್ರಾಹಕರ ಮೊಬೈಲ್ ಆ್ಯಪ್‌ಗಳು ಕೆಲಸ ಮಾಡಲಿಲ್ಲ. ದೀಪ ಹೊತ್ತದಿದ್ದರೆ ಕೈಯಿಂದ ಸ್ವಿಚ್ ಹಾಕಬಹುದು, ಕಳ್ಳ ಬಂದದ್ದು ಗೊತ್ತಾಗದಿದ್ದರೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ಆದ್ದರಿಂದ ಎರಡನ್ನೂ ಇಟ್ಟುಕೊಂಡು ನಡುವೆ ಕಿರಿದಾದ ಒಂದು ದಾರಿ ಮಾಡಿಸಿ. ನಿಮ್ಮ ಪ್ಯಾನೆಲ್‌ನಲ್ಲಿ ಪಿಜಿಎಂ (ಬೇಕಾದ ಘಟನೆಗೆ ಹೊಂದಿಸಬಹುದಾದದ್ದು) ಎಂದು ಗುರುತಿರುವ ಔಟ್‌ಪುಟ್ ಟರ್ಮಿನಲ್‌ಗಳಿರಬಹುದು. ಒಂದೊಂದು ಸಂಕೇತಕ್ಕೂ ಅದರಿಂದ ಒಂದು ಚಿಕ್ಕ 12 ವೋಲ್ಟ್ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಓಡಿಸಿ, ರಿಲೇಯ ವೋಲ್ಟೇಜ್ ಇಲ್ಲದ ಕಾಂಟ್ಯಾಕ್ಟನ್ನು ಮಾತ್ರ ಕೆಎನ್‌ಎಕ್ಸ್‌ನ ಬೈನರಿ ಇನ್‌ಪುಟ್‌ಗೆ (ಸ್ವಿಚ್ ಕೂಡಿದೆಯೋ ಬಿಟ್ಟಿದೆಯೋ ಎಂದಷ್ಟೇ ನೋಡುವ ಘಟಕ) ಕೊಡಬೇಕು. ಕೆಎನ್‌ಎಕ್ಸ್ ಬಸ್, ಅಂದರೆ ಅದರ ಸಂಕೇತ ಸಾಗುವ ತಂತಿ, ಸುಮಾರು 29 ವೋಲ್ಟ್‌ನಲ್ಲಿ ನಡೆಯುವುದರಿಂದ ಅದನ್ನು ಅಲಾರಂನ 12 ವೋಲ್ಟ್‌ಗೆ ನೇರ ಕಟ್ಟಿದರೆ ಎರಡೂ ಕಡೆ ಹಾಳಾಗಬಹುದು. ಮೂರು ಸಂಕೇತಗಳು ಸಾಕು: ಮನೆಯವರು ಹೊರಗೆ ಹೋಗಿ ಅಲಾರಂ ಹಾಕಿದ್ದಾರೆ, ಅಲಾರಂ ಕೂಗುತ್ತಿದೆ, ಪ್ಯಾನೆಲ್‌ನಲ್ಲಿ ದೋಷವಿದೆ. ಮೊದಲನೆಯದಕ್ಕೆ ಗೀಸರ್ ಮತ್ತು ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಆಫ್ ಆಗಲಿ. ದಿನವೂ ನಿಜವಾಗಿ ಉಪಯೋಗಕ್ಕೆ ಬರುವುದು ಇದೇ. ಎರಡನೆಯದಕ್ಕೆ ಅಂಗಳದ ಮತ್ತು ಮೆಟ್ಟಿಲ ದೀಪಗಳು ಹೊತ್ತಿ ಹಾಗೆಯೇ ಇರಲಿ. ಮಿಣಮಿಣ ಮಾಡಿಸುವ ಚಪಲ ಬೇಡ, ಕ್ಯಾಮೆರಾದ ಚಿತ್ರ ಕೆಡುತ್ತದೆ. ರಿಲೇಗಳನ್ನು ಅಲಾರಂನವರೇ ಪೆಟ್ಟಿಗೆಯೊಳಗೆ ಕೂರಿಸಿ ಒಂದೊಂದಕ್ಕೆ ಎರಡು ತಂತಿಯಂತೆ ಹೊರಗೆ ಬಿಟ್ಟುಕೊಟ್ಟರೆ ವಾರಂಟಿಯ ಜಗಳವೂ ಉಳಿಯುವುದಿಲ್ಲ.

ಎದುರು ದಿಕ್ಕಿನಲ್ಲಿ, ಅಂದರೆ ಆಟೊಮೇಷನ್‌ನಿಂದ ಅಲಾರಂಗೆ, ಹೆಚ್ಚೆಂದರೆ ಅಲಾರಂ ಹಾಕುವ ಆಜ್ಞೆ ಹೋಗಲಿ. ತೆಗೆಯುವುದು ಕೀಪ್ಯಾಡಿನಿಂದಲೇ ಆಗಬೇಕು. ಇಲ್ಲೊಂದು ಬಲೆಯಿದೆ. ಕೀ-ಸ್ವಿಚ್ ಜೋನ್ (ಹೊರಗಿನ ಸ್ವಿಚ್‌ನಿಂದ ಅಲಾರಂ ಹಾಕಲು ಬಿಟ್ಟ ಲೈನ್) ಮೂಲಕ ಅಲಾರಂ ಹಾಕಿಸಿದರೆ, ಹಲವು ಪ್ಯಾನೆಲ್‌ಗಳಲ್ಲಿ ಅದೇ ಸಂಕೇತ ಎರಡನೆಯ ಸಲ ಬಂದಾಗ ಅಲಾರಂ ತೆಗೆದುಬಿಡುತ್ತದೆ. ಹಾಕುವುದಕ್ಕೆ ಮಾತ್ರ ಎಂಬ ಆಯ್ಕೆ ನಿಮ್ಮ ಪ್ಯಾನೆಲ್‌ನಲ್ಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಈ ದಾರಿಯನ್ನೇ ಬಿಡಿ.

ಕೆಲಸದವರು ಪೆಟ್ಟಿಗೆ ತೆರೆದಾಗ ನೀವೂ ಒಮ್ಮೆ ಇಣುಕಿ ನೋಡಿ. ಜೋನ್ ಟರ್ಮಿನಲ್‌ಗಳ ಮೇಲೆಯೇ ಬಣ್ಣದ ಪಟ್ಟೆಗಳ ಪುಟ್ಟ ರೆಸಿಸ್ಟರ್‌ಗಳು ಸಾಲಾಗಿ ಕೂತಿದ್ದರೆ ನಿಮಗೆ ಅರ್ಧ ಕೆಲಸ ಮಾಡಿಕೊಟ್ಟಿದ್ದಾರೆ ಎಂದರ್ಥ. ಅವು ಇರಬೇಕಾದದ್ದು ತಂತಿಯ ಆ ತುದಿಯಲ್ಲಿ, ಸೆನ್ಸರ್‌ನ ಒಳಗೆ. ಅಲ್ಲಿದ್ದರೆ ಯಾರಾದರೂ ಎರಡು ತಂತಿ ಸುಲಿದು ಒಂದಕ್ಕೊಂದು ಕೂಡಿಸಿದ ಕ್ಷಣವೇ ಪ್ಯಾನೆಲ್‌ಗೆ ಅಳತೆ ತಪ್ಪಿ ತಿಳಿಯುತ್ತದೆ. ಪೆಟ್ಟಿಗೆಯಲ್ಲೇ ಇದ್ದರೆ, ಹಾಗೆ ತಂತಿ ಕೂಡಿಸಿದ ಮೇಲೆ ಪ್ಯಾನೆಲ್‌ಗೆ ಬಾಗಿಲು ಸದಾ ಮುಚ್ಚಿದಂತೆಯೇ ಕಾಣುತ್ತಿರುತ್ತದೆ. ರೆಸಿಸ್ಟರ್‌ನ ಓಮ್ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಕೆಲವಕ್ಕೆ 1 ಕಿಲೊಓಮ್, ಕೆಲವಕ್ಕೆ 5.6 ಕಿಲೊಓಮ್.

ಕೊನೆಯದಾಗಿ, ಊರಿಗೆ ಹೋದಾಗ ಮನೆಯಲ್ಲಿ ಜನರಿದ್ದಂತೆ ತೋರಿಸುವ ಕಾರ್ಯಕ್ರಮ ಹಾಕಿಸುವುದಿದ್ದರೆ ಅದರಲ್ಲಿ ದೀಪ ಮಾತ್ರ ಇರಲಿ. ಸಂಜೆ ಪರದೆ ತಾನಾಗಿ ಸರಿದರೆ ಪಿಐಆರ್ ಸೆನ್ಸರ್ (ಶಾಖದ ಚಲನೆ ಗುರುತಿಸುವಂಥದ್ದು) ಅದನ್ನು ಮನುಷ್ಯನ ಚಲನೆಯೆಂದೇ ಭಾವಿಸಬಹುದು. ಗಾಳಿಗೆ ಪರದೆ ಅಲ್ಲಾಡಿಸುವ ಫ್ಯಾನಿನದೂ ಇದೇ ಕಥೆ. ಸೆನ್ಸರ್‌ನ ಲೆನ್ಸಿನ ಮೇಲೆ ಓಡಾಡುವ ಹಲ್ಲಿಯನ್ನು ಯಾವ ಆಟೊಮೇಷನ್ನೂ ತಡೆಯಲಾರದು, ಅದಕ್ಕೆ ಪೊರಕೆಯೇ ಗತಿ.

ಪ್ರಶ್ನೆ: ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಮನೆಯ ಎಲ್ಲ ದೀಪ ಹೊತ್ತಿ, ಎಕ್ಸಾಸ್ಟ್ ಫ್ಯಾನ್ ತಿರುಗಿ, ಮುಂಬಾಗಿಲ ಮ್ಯಾಗ್ನೆಟಿಕ್ ಲಾಕ್ ತೆರೆಯುವಂತೆ ಮಾಡಿಸಿದ್ದೇವೆ. ಇನ್ನೇನು ಸೇರಿಸಬಹುದು?
— ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು

ಉತ್ತರ: ಸೇರಿಸುವ ಮಾತು ಹಾಗಿರಲಿ, ಮೊದಲ ಎರಡನ್ನು ಇಂದೇ ತೆಗೆಸಿ. ಅನಿಲ ತುಂಬಿದ ಕೋಣೆಯಲ್ಲಿ ಸ್ವಿಚ್ ಹಾಕಬಾರದು, ತೆಗೆಯಬಾರದು ಎಂದು ಹಿರಿಯರಿಂದ ಮಕ್ಕಳವರೆಗೆ ಎಲ್ಲರಿಗೂ ಗೊತ್ತು. ರಿಲೇಯೂ ಸ್ವಿಚ್ಚೇ, ಅದರ ಕಾಂಟ್ಯಾಕ್ಟ್ ಕೂಡಿದಾಗ ಕಿಡಿ ಹಾರುತ್ತದೆ. ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಮೋಟಾರ್ ಕಿಡಿನಿರೋಧಕವಲ್ಲ. ಅಂದರೆ ಯಾವುದನ್ನು ಕೈಯಿಂದ ಮಾಡಲು ಹೆದರುತ್ತೀರೋ ಅದನ್ನೇ ಯಂತ್ರಕ್ಕೆ ಒಪ್ಪಿಸಿದ್ದೀರಿ. ಗ್ಯಾಸ್ ಸಂಕೇತ ಬಂದಾಗ ಡಿಟೆಕ್ಟರ್‌ನ ಸ್ವಂತ ಬಜರ್ ಕೂಗಲಿ, ಗ್ಯಾಸ್ ಪೈಪಿಗೆ ಕೂರಿಸಿದ ಸೊಲೆನಾಯ್ಡ್ ವಾಲ್ವ್ ಮುಚ್ಚಲಿ, ಮೊಬೈಲಿಗೆ ಸಂದೇಶ ಬರಲಿ. ಕಿಟಕಿಯನ್ನು ಮನುಷ್ಯರೇ ತೆರೆಯಲಿ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906. ಕರೆಯನ್ನು ಮನೆಯ ಹೊರಗೆ ನಿಂತು ಮಾಡಬೇಕು.

ಹೊಗೆಯ ಸಂಕೇತಕ್ಕೆ ಮಾತ್ರ ದಾರಿಯ ದೀಪ ಹೊತ್ತಿ, ಎಸಿ ನಿಂತು, ಬಾಗಿಲು ಬಿಡುಗಡೆಯಾಗುವುದು ಸರಿಯಾದ ಕ್ರಮ. ಆದರೆ ಮ್ಯಾಗ್ನೆಟಿಕ್ ಲಾಕಿನ ವಿದ್ಯುತ್ತನ್ನು ಹೊಗೆ ಅಲಾರಂನ ರಿಲೇ ನೇರವಾಗಿ ಕಡಿಯಬೇಕು, ಆಜ್ಞೆ ಆ್ಯಪ್‌ ಮೂಲಕ ಸುತ್ತಿ ಬರಬಾರದು. ಒಳಗಿನಿಂದ ಒತ್ತಿದರೆ ವಿದ್ಯುತ್ ಕಡಿಯುವ ಗುಂಡಿಯೊಂದು ಬಾಗಿಲ ಪಕ್ಕದಲ್ಲಿ ಹೇಗೂ ಇರಲಿ.

ನಿಮ್ಮ ಕಡೆ ಪೈಪ್ ಗ್ಯಾಸ್ ಬಂದಿದ್ದರೆ ಡಿಟೆಕ್ಟರ್‌ನ ಜಾಗವೂ ಬದಲಾಗಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಅದಕ್ಕೆ ಡಿಟೆಕ್ಟರ್ ನೆಲದ ಬಳಿ ಇರುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲಕ್ಕೇರುತ್ತದೆ, ಅದಕ್ಕೆ ಡಿಟೆಕ್ಟರ್ ಸೂರಿನ ಬಳಿ ಬೇಕು. ಸಿಲಿಂಡರ್ ಹಿಂದಿರುಗಿಸಿದ ಮೇಲೂ ಹಳೆಯ ಡಿಟೆಕ್ಟರ್ ಸಿಂಕಿನ ಕೆಳಗೇ ಉಳಿದರೆ ಅದು ಇದ್ದೂ ಇಲ್ಲದಂತೆ. ಆ ಅನಿಲಕ್ಕೆ ಅದು ಹೊಂದುತ್ತದೆಯೇ ಎಂಬುದನ್ನೂ ಮೈಮೇಲಿನ ಚೀಟಿಯಲ್ಲಿ ಓದಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮುಂದಿನ ತಿಂಗಳು ಬರುವಾಗ ಅಲ್ಲಿಂದ ಝಡ್-ವೇವ್ (ತಂತಿಯಿಲ್ಲದೆ ರೇಡಿಯೊದಲ್ಲಿ ಮಾತಾಡುವ) ಬಾಗಿಲ ಸೆನ್ಸರ್‌ಗಳನ್ನು ತರುತ್ತೇನೆ ಎನ್ನುತ್ತಿದ್ದಾನೆ. ಇಲ್ಲಿ ನಡೆಯುತ್ತವೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ತರುವುದು ಬೇಡವೆನ್ನಿ. ಝಡ್-ವೇವ್ ಅಮೆರಿಕದಲ್ಲಿ 908.42 ಮೆಗಾಹರ್ಟ್ಸ್‌ನಲ್ಲಿ, ಭಾರತದಲ್ಲಿ 865.2 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಅಲ್ಲಿನ ಸೆನ್ಸರ್‌ಗೂ ಇಲ್ಲಿನ ಹಬ್‌ಗೂ ಮಾತೇ ಹೊಂದದು. ಹಬ್ಬನ್ನೂ ಅಲ್ಲಿಂದಲೇ ತಂದರೆ ಕೆಲಸವೇನೋ ನಡೆದೀತು, ಆದರೆ ಆ ತರಂಗಾಂತರ ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟದ್ದಲ್ಲ. ತರಲೇಬೇಕೆಂಬ ಆಸೆ ಅವರಿಗಿದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವ ಜಿಗ್‌ಬೀ ಎಂಬ ಇನ್ನೊಂದು ಬಗೆಯ ರೇಡಿಯೊ ಸೆನ್ಸರ್‌ಗಳನ್ನು ತರಲಿ.

ಪ್ರಶ್ನೆ: ಕರೆಂಟ್ ಹೋದಾಗಲೆಲ್ಲ ಮಹಡಿಯ ಜಿಗ್‌ಬೀ ಸೆನ್ಸರ್‌ಗಳು ಸಂಪರ್ಕ ಕಳೆದುಕೊಳ್ಳುತ್ತವೆ, ಅವುಗಳಲ್ಲಿ ಬ್ಯಾಟರಿ ಇದ್ದರೂ. ಜೊತೆಗೆ ಅಲಾರಂನ ಸಿಮ್ ಬದಲಿಸಿದ ಮೇಲೆ ಫೋನ್ ಕರೆಯೇ ಬರುತ್ತಿಲ್ಲ.
— ಓದುಗರು, ಮಂಗಳೂರು

ಉತ್ತರ: ಜಿಗ್‌ಬೀ ಜಾಲದಲ್ಲಿ ಬ್ಯಾಟರಿಯ ಸೆನ್ಸರ್ ಬೇರೆಯವರ ಸಂದೇಶ ಸಾಗಿಸುವುದಿಲ್ಲ, ಆ ಕೆಲಸ ಕರೆಂಟಿನಲ್ಲಿ ನಡೆಯುವ ಸ್ಮಾರ್ಟ್ ಸ್ವಿಚ್, ಪ್ಲಗ್‌ಗಳದು. ನಿಮ್ಮ ಮಹಡಿಯ ಸ್ವಿಚ್‌ಗಳು ಯುಪಿಎಸ್ ಲೈನಿನಲ್ಲಿ ಇಲ್ಲದ ಕಾರಣ ಅವು ಆರಿದೊಡನೆ ಸೆನ್ಸರ್ ಒಂಟಿಯಾಗುತ್ತಿರಬೇಕು. ಮೆಟ್ಟಿಲ ಬಳಿಯ ಒಂದು ಪ್ಲಗ್ ಪಾಯಿಂಟನ್ನು ಯುಪಿಎಸ್‌ಗೆ ಎಳೆಸಿ ಅಲ್ಲೊಂದು ಜಿಗ್‌ಬೀ ರಿಪೀಟರ್ ಇಡಿ. ಹಬ್ ಮತ್ತು ವೈಫೈ ರೂಟರ್‌ಗಳೂ ಅದೇ ಲೈನಿನಲ್ಲಿರಲಿ.

ಸಿಮ್‌ನ ವಿಷಯದಲ್ಲಿ, ಹಳೆಯ ಪ್ಯಾನೆಲ್‌ಗಳ ಡಯಲರ್‌ಗಳು (ಫೋನ್ ಕರೆ ಮಾಡುವ ಭಾಗ) ಹೆಚ್ಚಾಗಿ 2ಜಿ. ಜಿಯೊ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ, ಆದ್ದರಿಂದ ನೀವು ಹಾಕಿದ್ದು ಜಿಯೊ ಸಿಮ್ ಆಗಿದ್ದರೆ ಅದು 2ಜಿ ಡಯಲರ್‌ನಲ್ಲಿ ಎಂದೂ ಎದ್ದುಕೊಳ್ಳದು. ಸದ್ಯಕ್ಕೆ ನಿಮ್ಮ ಮನೆಯಲ್ಲಿ 2ಜಿ ಸಿಗ್ನಲ್ ಚೆನ್ನಾಗಿ ಸಿಗುವ ಬೇರೆ ಕಂಪನಿಯ ಸಿಮ್ ಹಾಕಿ, ಪ್ಯಾನೆಲ್‌ಗೆ 4ಜಿ ಡಯಲರ್ ಸಿಗುತ್ತದೆಯೇ ಎಂದು ವಿಚಾರಿಸಿ. ವ್ಯಾಲಿಡಿಟಿ ಮುಗಿಯುವ ದಿನವನ್ನು ಪೆಟ್ಟಿಗೆಯ ಒಳಮುಚ್ಚಳದ ಮೇಲಲ್ಲ, ನಿಮ್ಮ ಮೊಬೈಲಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ.