ಎರಡು ಕವಳದ ದಾರಿಗೆ ಎಷ್ಟು ಕಿಲೋಮೀಟರ್?

ಪ್ರಶ್ನೆ: ನಾನು ಡಿಸೈನ್ ಓದುತ್ತಿದ್ದೇನೆ. ನಮ್ಮಜ್ಜಿಯ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದೆ. ಅವರ ಕತೆಗಳನ್ನಿಟ್ಟುಕೊಂಡು ಊರಿನ ನಕ್ಷೆ ಮಾಡುವ ಆಸೆ. ಆದರೆ ಅಜ್ಜಿ "ಭೂತಪ್ಪನ ಮರದಿಂದ ಗದ್ದೆಗೆ ಎರಡು ಕವಳದ ದಾರಿ" ಅನ್ನುತ್ತಾರೆ. ಅಂದರೆ ಎರಡು ಸಲ ಎಲೆಅಡಿಕೆ ಹಾಕಿ ಅಗಿದು ಮುಗಿಸುವಷ್ಟು ನಡಿಗೆ. ಎಷ್ಟು ಕಿಲೋಮೀಟರ್ ಅಂತ ಹಾಕಲಿ ಮೇಡಂ?
– ಓದುಗಿ, ಸಾಗರ

ಉತ್ತರ: ಹಾಕಲೇಬೇಡಿ. ಎರಡು ಕವಳ ಅಂತಲೇ ಬರೆಯಿರಿ. ನಕ್ಷೆಯ ಮೂಲೆಯಲ್ಲಿ ಸ್ಕೇಲ್ ಇರುತ್ತದಲ್ಲ, ಅದರ ಬದಲು ದಾರಿಯುದ್ದಕ್ಕೂ ಕವಳಕ್ಕೊಂದು ವೀಳ್ಯದೆಲೆ ಬಿಡಿಸಿ. ಏರುದಾರಿಯಲ್ಲಿ ಎಲೆಗಳು ಒತ್ತೊತ್ತಾಗಿ ಬರುತ್ತವೆ, ಬಯಲಲ್ಲಿ ದೂರ ದೂರ. ಅಜ್ಜಿಯ ಕಾಲು ನೋವೂ ಅದರಲ್ಲೇ ಕಾಣುತ್ತದೆ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ನಕ್ಷೆಯನ್ನು ಒಮ್ಮೆ ಹುಡುಕಿ ನೋಡಿ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಎಷ್ಟೋ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಒಳಗಿನಿಂದ ಎಬ್ಬಿಸಿದರು. ಜಾಗ ಹೋಯಿತು, ಹೆಸರು ಬಾಯಲ್ಲಿ ಉಳಿಯಿತು. ಆಮೇಲೆ ಸೋಲಿಗ ಹಿರಿಯರು ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರ ಜೊತೆ ಜಿಪಿಎಸ್ ಹಿಡಿದು ಕಾಡು ಸುತ್ತಿದರು. ನಾನೂರಕ್ಕೂ ಜಾಸ್ತಿ ಜಾಗ ಗುರುತಿಸಿದರು. ನನಗೆ ಇಷ್ಟವಾಗಿದ್ದು ಆ ನಕ್ಷೆಯ ಸೂಚಿ, ಅಂದರೆ ಯಾವ ಗುರುತು ಏನು ಅಂತ ಹೇಳುವ ಪಟ್ಟಿ. ಅರಣ್ಯ ಇಲಾಖೆಯ ರೇಂಜು, ಬೀಟು ಅಲ್ಲ. ಕಾಡನ್ನು ಒಂದೊಂದು ಕುಲದ ಯೆಲ್ಲೆಯಾಗಿ, ಅಂದರೆ ಆ ಕುಲದ ಪಾಲಿನ ಜಾಗವಾಗಿ, ಹಂಚಿದ್ದಾರೆ. ಯೆಲ್ಲೆಯೊಳಗೆ ಅವರ ಪವಿತ್ರ ಜಾಗಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಇಷ್ಟು ಗೊತ್ತಾದರೆ ಸಾಕು, ಆ ಕಾಡು ಯಾರಿಗೆ ಮನೆ ಅಂತ ಬೇರೆ ಹೇಳಬೇಕಾಗಿಲ್ಲ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು.

ಅಂಕಿ-ಅಂಶಕ್ಕೂ ಇದೇ ಮಾತು. ಅಲ್ಲಿ 1997ರಿಂದ 2008ರೊಳಗೆ ಲಂಟಾನ ಅನ್ನುವ ಕಳೆ ಗಿಡ ಹಬ್ಬಿದ ಜಾಗ ಸುಮಾರು ದುಪ್ಪಟ್ಟಾಯಿತು. ಗ್ರಾಫ್ ಮಾಡಿದರೆ ಮೇಲೇರುವ ಒಂದು ಗೆರೆ, ಅಷ್ಟೇ. ಸೋಲಿಗ ಹಿರಿಯರನ್ನು ಕೇಳಿದರೆ ತರಗು ಬೆಂಕಿ ನಿಂತಿದ್ದೇ ಕಾರಣ ಅನ್ನುತ್ತಾರೆ. ಬೇಸಿಗೆ ಶುರುವಿನಲ್ಲೇ ಒಣಗಿದ ಎಲೆಗೆ ಇಡುತ್ತಿದ್ದ ಸಣ್ಣ ಬೆಂಕಿ ಅದು. ನಾನಾದರೆ ಆ ಮಾತನ್ನು ಅಡಿಟಿಪ್ಪಣಿಗೆ ತಳ್ಳುವುದಿಲ್ಲ. ಗೆರೆಯ ಪಕ್ಕದಲ್ಲೇ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ.

ಒಂದು ಎಚ್ಚರಿಕೆ, ಸ್ವಂತ ಪೆಟ್ಟು ತಿಂದು ಕಲಿತದ್ದು. ಒಂದೂರಿನ ಪೋಸ್ಟರಿನಲ್ಲಿ ಹಳೇ ವೀರಗಲ್ಲಿನ ಜಾಗವನ್ನು ಕರಾರುವಾಕ್ಕಾಗಿ ತೋರಿಸಿದ್ದೆ. ಮೂರು ತಿಂಗಳೊಳಗೆ ಯಾರೋ ನಿಧಿ ಆಸೆಗೆ ಅಗೆದು ಹೋದರು. ಕತೆ ಹೇಳಿದ ಅಜ್ಜ ನನ್ನನ್ನು ಬೈಯಲಿಲ್ಲ. ಸುಮ್ನೆ ಮುಖ ತಿರುಗಿಸಿಕೊಂಡರು. ಈಗ ಯಾವುದನ್ನು ತೋರಿಸಬಾರದು ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ನಿಮ್ಮ ಊರು ನೀರಡಿ ಇದೆ, ನಿಜ. ಆದರೂ ಅಜ್ಜಿಯನ್ನು ಕೇಳಿ. ಯಾರ ಮನೆ ಜಗಳ ಬೇಡ, ಯಾರ ಹೆಸರು ಬೇಡ ಅನ್ನುವುದು ಅವರಿಗೆ ಗೊತ್ತಿರುತ್ತದೆ, ಅಲ್ವಾ?

ಪ್ರಶ್ನೆ: ಇದಕ್ಕೆಲ್ಲ ಯಾವ ಸಾಫ್ಟ್‌ವೇರ್ ಬೇಕು?
– ಅದೇ ಓದುಗಿ

ಉತ್ತರ: ಮೊದಲು ದೊಡ್ಡ ಹಾಳೆ, ಪೆನ್ಸಿಲ್. ಅಜ್ಜಿ ಕೈಯಲ್ಲೇ ಬರೆಸಿ. ಆಮೇಲೆ ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಾಗಿಲ್ಲ. ಗೂಗಲ್ ಮ್ಯಾಪಿನಲ್ಲಿ ಆ ಜಾಗ ಬರೀ ನೀಲಿ. ಹಾಗಾಗಿ ಅಣೆಕಟ್ಟು ಮುಗಿದ 1964ಕ್ಕೆ ಮುಂಚಿನ ಸರ್ವೆ ಆಫ್ ಇಂಡಿಯಾ ಟೋಪೋಶೀಟ್, ಅಂದರೆ ಊರು-ಹಳ್ಳ-ಗುಡ್ಡ ತೋರಿಸುವ ಸರ್ಕಾರಿ ನಕ್ಷೆ, ಸಿಕ್ಕರೆ ಅಡಿಗೆ ಹಾಸಿಕೊಳ್ಳಿ. ಹೆಸರುಗಳನ್ನು ಯುನಿಕೋಡ್ ಕನ್ನಡದಲ್ಲೇ ಹಾಕಿ. ಪಿಡಿಎಫ್ ತೆಗೆದ ಮೇಲೆ ಒತ್ತಕ್ಷರ ಒಡೆದಿದೆಯಾ ಅಂತ ಒಂದೊಂದೇ ನೋಡಿ. ಭೂತಪ್ಪನ 'ಪ್ಪ' ಮುರಿದರೆ ಅಜ್ಜಿ ಬಿಡುವುದಿಲ್ಲ.