ಕಡಲ್ಕೊರೆತಕ್ಕೆ ಮರಳು ಸುರಿಯುವುದು: ಕೆರೆಗೋಡಿನ ಹೋಲಿಕೆ ಎಲ್ಲಿಯವರೆಗೆ ಸರಿ?

ಮೂಡಿಗೆರೆಯ ಸ್ನೇಹಿತರು ಉಳ್ಳಾಲದ ಕಡಲ್ಕೊರೆತವನ್ನು ಕಂಡು ಬಂದು, 'ಕೊಚ್ಚಿಹೋದ ಹೊಲಕ್ಕೆ ನಾವು ಕೆರೆಗೋಡು (ಕೆರೆಯ ತಳದ ಹೂಳುಮಣ್ಣು) ಹೊಡೆಸುವಂತೆ, ಸಮುದ್ರದ ತಳದಿಂದ ಮರಳೆತ್ತಿ ದಡಕ್ಕೆ ಸುರಿದರೆ ಏನು ತೊಂದರೆ?' ಎಂದು ಕೇಳಿದ್ದಾರೆ. ಕಲ್ಲಿನ ತಡೆಗೋಡೆಗಿಂತ ಇದು ಮೇಲೆಂದು ನಾನೂ ಒಪ್ಪುತ್ತೇನೆ. ಆದರೆ ಎಂಥ ಮರಳು, ಎಷ್ಟು ದಪ್ಪ, ಯಾವ ತಿಂಗಳು ಎಂಬುದನ್ನು ನೋಡದೆ ಸುರಿದರೆ ದಡ ಉಳಿದರೂ ಅದರೊಳಗಿನ ಜೀವ ಉಳಿಯುವುದಿಲ್ಲ.

ಸಕಲೇಶಪುರದ ನಮ್ಮ ಹೊಲಕ್ಕೆ ಒಂದು ಬೇಸಿಗೆಯಲ್ಲಿ ಅಡಿ ದಪ್ಪಕ್ಕೆ ಗೋಡು ಹೊಡೆಸಿದ್ದೆ. ಮಳೆ ಬಿದ್ದು ಒಣಗಿದ ಮೇಲೆ ಅದು ಹೆಂಚಿನಂತೆ ಗಟ್ಟಿಯಾಯಿತು. ಗುದ್ದಲಿ ಹಾಕಿದರೆ ಒಂದು ಎರೆಹುಳುವೂ ಸಿಗಲಿಲ್ಲ. ತೆಳುವಾಗಿ ಹರಡಿದ್ದ ಬದುವಿನ ಅಂಚಿನಲ್ಲಿ ಮಾತ್ರ ಹುಳುಗಳಿದ್ದವು.

ಕಡಲ ದಡದಲ್ಲಿಯೂ ಹೀಗೆಯೇ ಆಗುತ್ತದೆ. ಅಲೆ ಹಿಂದೆ ಸರಿದೊಡನೆ ಹೆಬ್ಬೆರಳ ತುದಿಯಷ್ಟಿರುವ ಏಡಿಗಳು ಒದ್ದೆ ಮರಳಿನಲ್ಲಿ ಹಿಮ್ಮುಖವಾಗಿ ಕೊರೆದುಕೊಂಡು ಕ್ಷಣದಲ್ಲಿ ಮರೆಯಾಗುತ್ತವೆ. ಅವೂ ಸಣ್ಣ ಚಿಪ್ಪುಜೀವಿಗಳೂ ಮರಳುಹುಳುಗಳೂ ದಡದ ಹಕ್ಕಿಗಳಿಗೆ ಮತ್ತು ತೀರದ ಮೀನುಗಳಿಗೆ ಆಹಾರ. ದಪ್ಪ ಪದರದಡಿ ಸಿಕ್ಕಿದವು ಸಾಯುತ್ತವೆ. ಹೊಸ ಮರಳಿನ ಕಾಳು ಹಳೆಯದಕ್ಕೆ ಹೊಂದಿದರೆ ಪಕ್ಕದ ದಡದಿಂದ ಜೀವಿಗಳು ತಿಂಗಳುಗಳಲ್ಲಿ ಮರಳಿ ಬರಬಹುದು. ಹೊಂದದಿದ್ದರೆ ವರ್ಷಗಳೇ ಹಿಡಿಯುತ್ತವೆ. ನುಣ್ಣನೆಯ ಹೂಳು ನೀರನ್ನು ಕದಡಿ ಮೀನಿನ ಕಿವಿರಿಗೆ ತೊಂದರೆ ಕೊಡುತ್ತದೆ. ಗಟ್ಟಿಯಾದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗೆ ಗೂಡು ತೋಡುವುದು ಕಷ್ಟ. ಕಪ್ಪು ಮರಳು ಹೆಚ್ಚು ಕಾದರೆ ಮರಿಗಳಲ್ಲಿ ಹೆಣ್ಣುಗಳೇ ಹೆಚ್ಚುತ್ತವೆ, ಏಕೆಂದರೆ ಆಮೆಮರಿಯ ಲಿಂಗವನ್ನು ಗೂಡಿನ ಬಿಸಿ ನಿರ್ಧರಿಸುತ್ತದೆ. ಮರಳೆತ್ತಿದ ಕಡೆ ಉಳಿಯುವ ಆಳದ ಗುಂಡಿಯಲ್ಲಿ ಕೆಸರು ತುಂಬಿ ಆಮ್ಲಜನಕವೂ ಕಡಿಮೆಯಾಗಬಹುದು.

ಅಲೆ ಮರಳನ್ನು ಒಯ್ಯುತ್ತಲೇ ಇರುವುದರಿಂದ ಕೆಲವು ವರ್ಷಗಳಿಗೊಮ್ಮೆ ಮತ್ತೆ ಸುರಿಯಬೇಕಾಗುತ್ತದೆ, ಪ್ರತಿ ಸಲವೂ ಇದೇ ಹಾನಿ. ಇದನ್ನು ತಪ್ಪಿಸಲೆಂದೇ ನೆದರ್‌ಲ್ಯಾಂಡ್ಸ್‌ನವರು 2011ರಲ್ಲಿ ಸುಮಾರು 2.15 ಕೋಟಿ ಘನಮೀಟರ್ ಮರಳನ್ನು ಒಂದೇ ಕಡೆ ಹಾಕಿ, ಅಲೆ ಮತ್ತು ಗಾಳಿಯೇ ಅದನ್ನು ನಿಧಾನವಾಗಿ ದಡದುದ್ದಕ್ಕೂ ಹರಡಲು ಬಿಟ್ಟರು.

ಉಳ್ಳಾಲ ನಮಗೆ ದೂರದ್ದಲ್ಲ. ನಮ್ಮ ಕೆಂಪುಹೊಳೆಯ ನೀರು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಉಳ್ಳಾಲದ ಪಕ್ಕದ ಅಳಿವೆಯಲ್ಲಿಯೇ ಕಡಲಿಗಿಳಿಯುತ್ತದೆ. ಹೊಳೆಯಲ್ಲಿ ತೆಗೆದ ಮರಳು, ಅಣೆಕಟ್ಟಿನ ಹಿಂದೆ ನಿಂತ ಮರಳು ಆ ದಡವನ್ನು ತಲುಪುವುದಿಲ್ಲ.

ಆದ್ದರಿಂದ ಮರಳು ಸುರಿಯುವ ಯೋಜನೆಯ ಸಭೆಗೆ ಹೋದರೆ, ಎತ್ತುವ ಕಡೆಯ ಮರಳನ್ನೂ ಸುರಿಯುವ ದಡದ ಮರಳನ್ನೂ ಜರಡಿ ಹಿಡಿದು ಹೋಲಿಸಿದ್ದಾರೆಯೇ, ಬಂದರಿನ ಹೂಳಾದರೆ ಎಣ್ಣೆ ಮತ್ತು ಲೋಹಗಳ ಪರೀಕ್ಷೆಯಾಗಿದೆಯೇ, ಆಮೆ ಮೊಟ್ಟೆಯಿಡುವ ಚಳಿಗಾಲದ ತಿಂಗಳುಗಳನ್ನು ಬಿಟ್ಟಿದ್ದಾರೆಯೇ, ನಡುನಡುವೆ ಮುಟ್ಟದ ದಡ ಉಳಿಸುತ್ತಾರೆಯೇ ಎಂದು ಕೇಳಿ. ಹಳೆಯ ಮರಳು ಹೇಗಿತ್ತೆಂದು ಅಲ್ಲಿನ ಮೊಗವೀರ ಹಿರಿಯರನ್ನೂ ವಿಚಾರಿಸಿ.