ಆಂಜಿಯೋಗ್ರಾಮ್ ನಾರ್ಮಲ್, ಆದ್ರೂ ಪೇಸ್‌ಮೇಕರ್ ಯಾಕೆ?

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಇತ್ತೀಚೆಗೆ ಎರಡು ಸಲ ಇದ್ದಕ್ಕಿದ್ದಂಗೆ ಕಣ್ಣು ಕತ್ತಲೆ ಬಂದು ಬಿದ್ರು. ಆಸ್ಪತ್ರೆಗೆ ಕರ್ಕೊಂಡು ಹೋದಾಗ ಪಲ್ಸ್ ಬರೀ 38. ಆಂಜಿಯೋಗ್ರಾಮ್ ಮಾಡಿ ರಕ್ತನಾಳ ಎಲ್ಲಾ ಕ್ಲಿಯರ್ ಅಂದ್ರು, ಮತ್ತೆ ಅವರೇ ಕಂಪ್ಲೀಟ್ ಹಾರ್ಟ್ ಬ್ಲಾಕ್ ಇದೆ, ಪೇಸ್‌ಮೇಕರ್ ಹಾಕ್ಲೇಬೇಕು ಅಂತಿದಾರೆ. ದುಡ್ಡು ಮಾಡೋಕೆ ಹೀಗೆ ಹೇಳ್ತಾರೆ ಅಂತ ನಮ್ಮ ಮಾವ. ಏನ್ ಮಾಡೋದು ಡಾಕ್ಟ್ರೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಮಾವನವರ ಅನುಮಾನ ತಪ್ಪೇನಲ್ಲ, ಕಾಲಾನೇ ಹಂಗಿದೆ. ಆದ್ರೆ ಇಲ್ಲಿ ಡಾಕ್ಟ್ರ ಎರಡೂ ಮಾತು ನಿಜ ಇರಬಹುದು. ಆಂಜಿಯೋಗ್ರಾಮಲ್ಲಿ ಕಾಣೋದು ಹಾರ್ಟಿಗೆ ರಕ್ತ ಕೊಡೋ ನಾಳಗಳು ಮಾತ್ರ. ಹಾರ್ಟು ಬಡಿಯೋ ಹಾಗೆ ಮಾಡೋ ಕರೆಂಟ್ ಇದೆಯಲ್ಲ, ಅದರ ದಾರಿ ಬೇರೆ, ಅದನ್ನ ತೋರ್ಸೋದು ಇಸಿಜಿ. ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದ್ರೆ ಈ ಕರೆಂಟಿನ ದಾರಿ ಕಟ್ಟಿರೋದು, ರಕ್ತನಾಳ ಅಲ್ಲ.

ಹಾರ್ಟಿನ ಬಲಗಡೆ ಮೇಲಿನ ಕೋಣೆಯಲ್ಲಿ, ದೊಡ್ಡ ರಕ್ತನಾಳ ಬಂದು ಸೇರೋ ಜಾಗದಲ್ಲಿ ಎಸ್‌ಎ ನೋಡ್ ಅಂತ ಒಂದು ಚೂರು ವಿಶೇಷ ಮಾಂಸ ಇರತ್ತೆ, ಕರೆಂಟ್ ಹುಟ್ಟೋದು ಅಲ್ಲಿ. ಸೋಡಿಯಂ, ಕ್ಯಾಲ್ಸಿಯಂ ಕಣಗಳು ಅಲ್ಲಿನ ಜೀವಕೋಶಗಳ ಒಳಗೆ ನಿಧಾನಕ್ಕೆ ಸೋರ್ತಾ ಸೋರ್ತಾ ಒಂದು ಮಟ್ಟ ಮುಟ್ಟಿದ ಕೂಡ್ಲೆ ಕರೆಂಟ್ ಹಾರತ್ತೆ, ಯಾರೂ ಸ್ವಿಚ್ ಒತ್ತಬೇಕಾಗಿಲ್ಲ. ಅದು ಮೇಲಿನ ಎರಡೂ ಕೋಣೆಗೆ ಹರಡಿ ಅವು ಕುಗ್ತವೆ. ಕೆಳಗಿನ ಕೋಣೆಗಳಿಗೆ ಹೆಚ್ಚಿನ ರಕ್ತ ಅಷ್ಟೊತ್ತಿಗೆ ತಾನಾಗೇ ಇಳಿದಿರತ್ತೆ, ಕೊನೇ ಐದನೇ ಒಂದು ಭಾಗದಷ್ಟನ್ನ ಈ ಕುಗ್ಗುವಿಕೆ ತಳ್ಳತ್ತೆ.

ಇನ್ನು ನಿಮ್ಮ ಅಮ್ಮನ ವಿಷಯಕ್ಕೆ ಬೇಕಾಗಿರೋದು ಇಲ್ಲಿದೆ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಮಧ್ಯೆ ನಾರಿನ ಪದರ ಇದೆ, ಅದ್ರಲ್ಲಿ ಕರೆಂಟ್ ಹಾಯಲ್ಲ, ಹಾಯೋಕೆ ಇರೋದು ಒಂದೇ ದಾರಿ, ಎವಿ ನೋಡ್ ಅನ್ನೋ ಸಣ್ಣ ಗಂಟು ಮತ್ತು ಅದರ ಕೆಳಗಿನ ಹಿಸ್ ಬಂಡಲ್ ಅನ್ನೋ ಎಳೆಗಳ ಕಟ್ಟು. ಎವಿ ನೋಡ್ ಬಂದ ಕರೆಂಟನ್ನ ಸುಮಾರು 0.1 ಸೆಕೆಂಡ್ ತಡೆದು ಬಿಡತ್ತೆ, ಆ ತಡೆ ಇಲ್ದೇ ಹೋದ್ರೆ ಮೇಲಿನ ರಕ್ತ ಪೂರ್ತಿ ಇಳಿಯೋ ಮೊದಲೇ ಕೆಳಗಿಂದು ಕುಗ್ಗಿಬಿಡತ್ತೆ. ನನ್ನ ಮಟ್ಟಿಗೆ ಇಡೀ ಹಾರ್ಟಲ್ಲಿ ಅತಿ ಚಂದದ ಏರ್ಪಾಡು ಇದೇ. ಅಲ್ಲಿಂದ ಮುಂದೆ ಮಾತ್ರ ತಡ ಇಲ್ಲ, ಪರ್ಕಿಂಜಿ ಎಳೆಗಳಲ್ಲಿ ಸೆಕೆಂಡಿಗೆ 2ರಿಂದ 4 ಮೀಟರ್ ವೇಗದಲ್ಲಿ ಓಡಿ, ಕೆಳಗಿನ ಕೋಣೆಗಳು ತುದಿ ಕಡೆಯಿಂದ ಮೇಲಕ್ಕೆ, ಒದ್ದೆ ಬಟ್ಟೆ ಹಿಂಡಿದಂಗೆ ತಿರುಚ್ಕೊಂಡು ಕುಗ್ತವೆ, ರಕ್ತ ಹೊರಗೆ ಹೋಗೋ ಬಾಗಿಲು ಮೇಲ್ಗಡೆ ಇರೋದ್ರಿಂದ ಅದು ಹಂಗೇ ಆಗ್ಬೇಕು. ಒಂದ್ಸಲಕ್ಕೆ ಸುಮಾರು 70 ಎಂಎಲ್, ನಿಮಿಷಕ್ಕೆ 5 ಲೀಟರ್ ಹತ್ರ.

ಅಮ್ಮನ ಇಸಿಜಿ ಕಾಗದ ಇದ್ರೆ ತೆಗೆದು ನೋಡಿ. ಸಣ್ಣ ದಿಬ್ಬ ಪಿ, ಅದು ಮೇಲಿನ ಕೋಣೆದು. ಚೂಪಾದ ಎತ್ತರದ ಮೊನೆ ಕ್ಯೂಆರ್‌ಎಸ್, ಕೆಳಗಿನದ್ದು. ಪಿ ಶುರುವಾದಲ್ಲಿಂದ ಮೊನೆ ಶುರುವಾಗೋ ತನಕ ಮೂರರಿಂದ ಐದು ಚಿಕ್ಕ ಚೌಕ ಇರ್ಬೇಕು, ಪ್ರತಿ ಸಲವೂ ಅಷ್ಟೇ ಇರ್ಬೇಕು. ಕಂಪ್ಲೀಟ್ ಬ್ಲಾಕಲ್ಲಿ ಪಿಗಳು ಅವುಗಳ ಪಾಡಿಗೆ ನಿಮಿಷಕ್ಕೆ 80ರ ಲೆಕ್ಕದಲ್ಲಿ ಹೋಗ್ತಿರ್ತವೆ, ಮೊನೆಗಳು ಅವುಗಳ ಪಾಡಿಗೆ 38ರ ಲೆಕ್ಕದಲ್ಲಿ, ಒಂದಕ್ಕೊಂದು ಸಂಬಂಧಾನೇ ಇಲ್ಲ. ಮೇಲಿನ ಕರೆಂಟ್ ಕೆಳಗೆ ಬರ್ತಿಲ್ಲ ಅಂತ ಕೆಳಗಿನ ಭಾಗ ತಾನೇ ನಿಧಾನಕ್ಕೆ ಹೊಡ್ಕೊಳ್ತಿರೋದು ಅದು. ಇದನ್ನ ನಂಬ್ಕೊಂಡು ಕೂರೋಕಾಗಲ್ಲ, ಅದು ಕೆಲವು ಸೆಕೆಂಡ್ ನಿಂತ್ರೂ ಮೆದುಳಿಗೆ ರಕ್ತ ಹೋಗಲ್ಲ, ಅಮ್ಮ ಬಿದ್ದಿದ್ದು ಹಂಗೇ ಇರಬೇಕು.

ವಯಸ್ಸಾದ ಹಾಗೆ ಆ ದಾರಿ ನಾರುಗಟ್ಟೋದೇ ಸಾಮಾನ್ಯ ಕಾರಣ. ಆದ್ರೆ ಒಂದು ಮಾತು ಡಾಕ್ಟ್ರನ್ನ ಕೇಳಿ: ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆಯಿಂದ ಅಥವಾ ಪೊಟ್ಯಾಸಿಯಂ ಜಾಸ್ತಿಯಾಗಿ ಹೀಗಾಗಿದೆಯಾ ಅಂತ. ಯಾಕಂದ್ರೆ ಹಾಗಿದ್ರೆ ಅದನ್ನ ಸರಿ ಮಾಡಿದ್ರೆ ಸಾಕಾಗಬಹುದು. ಮಾತ್ರೆನ ನೀವೇ ನಿಲ್ಲಿಸ್ಬೇಡಿ. ಅದ್ಯಾವ್ದೂ ಅಲ್ಲ ಅಂದ್ರೆ ತಡ ಮಾಡ್ದೇ ಹಾಕ್ಸಿ.

ಎದೆ ತೆರೆಯೋ ಆಪರೇಷನ್ ಅಲ್ಲ, ಸಾಮಾನ್ಯವಾಗಿ ಕಾಲರ್ ಮೂಳೆ (ಕೊರಳ ಮೂಳೆ) ಕೆಳಗೆ ಆ ಜಾಗ ಮಾತ್ರ ಮರಗಟ್ಟಿಸಿ ಚರ್ಮದಡಿ ಸಣ್ಣ ಪೆಟ್ಟಿಗೆ ಇಟ್ಟು, ತಂತಿನ ರಕ್ತನಾಳದೊಳಗಿಂದ ಹಾರ್ಟಿಗೆ ಇಳಿಸ್ತಾರೆ. ಪಂಪ್ ಮಾಡೋದು ಅಮ್ಮನ ಹಾರ್ಟೇ, ಪೆಟ್ಟಿಗೆ ಬರೀ ಕಾಯ್ತಾ ಇದ್ದು, ಬಡಿತ ಬರ್ಲಿಲ್ಲ ಅಂದ್ರೆ ಸಣ್ಣ ಕರೆಂಟ್ ಕೊಡತ್ತೆ. ಮೊಬೈಲು ಅದರಿಂದ 15 ಸೆಂಟಿಮೀಟರ್ ದೂರ ಇರ್ಲಿ, ಬ್ಲೌಸಲ್ಲಿ ಸಿಕ್ಕಿಸ್ಕೊಳ್ಳೋ ಅಭ್ಯಾಸ ಇದ್ರೆ ಬಿಡ್ಸಿ. ಅಂದಹಾಗೆ ದೇಹದೊಳಗೆ ಮೊದಲ ಪೇಸ್‌ಮೇಕರ್ ಹಾಕಿದ್ದು 1958ರಲ್ಲಿ ಸ್ವೀಡನ್ನಿನ ಅರ್ನೆ ಲಾರ್ಸನ್‌ಗೆ, ಆ ಯಂತ್ರ ಕೆಲವೇ ಗಂಟೆಗೆ ಕೈಕೊಟ್ಟಿತು, ಆದ್ರೆ ಒಂದಾದ ಮೇಲೊಂದು ಬದಲಾಯಿಸ್ಕೊಂಡು ಆತ 2001ರ ತನಕ, 86 ವರ್ಷ ಬದುಕಿದ್ರು, ಹಾಕಿದ ಸರ್ಜನ್ನು, ಮಾಡಿಕೊಟ್ಟ ಇಂಜಿನಿಯರು ಇಬ್ಬರೂ ಅವರಿಗಿಂತ ಮೊದ್ಲೇ ತೀರ್ಕೊಂಡಿದ್ರು. ಮಾವನವರಿಗೆ ಇದನ್ನ ಓದಿ ಹೇಳಿ.

ಪ್ರಶ್ನೆ: ಮೀನು ಕೊಯ್ದು ಗುಂಡಿಗೆ ಹೊರಗೆ ತೆಗೆದಿಟ್ರೂ ಸ್ವಲ್ಪ ಹೊತ್ತು ಬಡೀತಾನೇ ಇತ್ತು. ಮಗಳು ಹೆದ್ರಿಬಿಟ್ಲು. ಮೀನಿಗೆ ಜೀವ ಇತ್ತಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಮೀನು ಸತ್ತಿತ್ತು, ಮಗಳಿಗೆ ಧೈರ್ಯ ಹೇಳಿ. ಬಡಿಯೋಕೆ ಗುಂಡಿಗೆಗೆ ಮೆದುಳು ಬೇಕಾಗಿಲ್ಲ, ನರಗಳು ಮಾಡೋದು ವೇಗ ಹೆಚ್ಚು ಕಮ್ಮಿ ಅಷ್ಟೇ. ನಮ್ಮ ಹಾರ್ಟನ್ನ ಅದರ ಪಾಡಿಗೆ ಬಿಟ್ರೆ ನಿಮಿಷಕ್ಕೆ 100ರ ಹತ್ರ ಬಡಿಯತ್ತೆ, ವೇಗಸ್ ನರ ಎಳೆದು ಹಿಡಿದಿರೋದಕ್ಕೆ 70ರ ಆಸುಪಾಸು. ಬೇರೆಯವರ ಹಾರ್ಟ್ ಹಾಕಿಸ್ಕೊಂಡವರಲ್ಲಿ ಆ ನರ ಕತ್ತರಿಸಿ ಹೋಗಿರತ್ತಲ್ಲ, ಅವರಿಗೆ ಸುಮ್ನೆ ಕೂತಿದ್ರೂ ಪಲ್ಸ್ ಜೋರಾಗೇ ಇರತ್ತೆ.

1880ರ ದಶಕದಲ್ಲಿ ಲಂಡನ್ನಿನ ಡಾಕ್ಟ್ರು ಸಿಡ್ನಿ ರಿಂಗರ್ ಕಪ್ಪೆ ಗುಂಡಿಗೆನ ಉಪ್ಪುನೀರಲ್ಲಿಟ್ಟು ನೋಡ್ತಿದ್ರು. ಡಿಸ್ಟಿಲ್ಡ್ ವಾಟರ್ ಬದಲು ನಲ್ಲಿ ನೀರಲ್ಲಿ ಆ ದ್ರಾವಣ ಮಾಡಿದಾಗ್ಲೇ ಅದು ಚೆನ್ನಾಗಿ ಬಡೀತಿತ್ತಂತೆ. ಯಾಕಪ್ಪಾ ಅಂತ ಹುಡುಕಿದ್ರೆ ನಲ್ಲಿ ನೀರಿನ ಕ್ಯಾಲ್ಸಿಯಂ. ಈಗ ಆಸ್ಪತ್ರೆಲಿ ಏರ್ಸೋ ಆರ್‌ಎಲ್ ಡ್ರಿಪ್ಪಲ್ಲಿ ಆರ್ ಅಂದ್ರೆ ಅದೇ ರಿಂಗರ್.

ಪ್ರಶ್ನೆ: ಸೀನಿದಾಗ ಹಾರ್ಟ್ ಒಂದು ಕ್ಷಣ ನಿಲ್ಲತ್ತಂತೆ, ನಿಜಾನಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಇಲ್ಲ. ಎದೆಯೊಳಗಿನ ಒತ್ತಡ ಏರಿ ಇಳಿಯೋದ್ರಿಂದ ಒಂದು ಬಡಿತ ಸ್ವಲ್ಪ ಹಿಂದೆ ಮುಂದೆ ಆಗಬಹುದು, ಎಸ್‌ಎ ನೋಡಿನ ಕರೆಂಟ್ ನಿಲ್ಲಲ್ಲ. ಆರಾಮಾಗಿ ಸೀನಿ, ಕರ್ಚೀಫ್ ಅಡ್ಡ ಹಿಡ್ಕೊಳ್ಳಿ.